ಯಾರ ಹೆಬ್ಬೆಟ್ಟು

ನನಗೆ ಬುದ್ಧಿ ನೆಟ್ಟಗಿಲ್ಲ ಎಂದು ಸರ್ಕಾರದ ಫೈಲಿನಲ್ಲಿ ಏಳು ತಿಂಗಳು ಬರೆದಿತ್ತು. ಆ ಏಳು ತಿಂಗಳೂ ನಾನು ಮನೆಯಲ್ಲಿ ರೊಟ್ಟಿ ತಟ್ಟುತ್ತ, ಪೇಪರ್ ಓದುತ್ತ, ಓಣಿಯ ಹುಡುಗಿಯರಿಗೆ ಬೀಜಗಣಿತ ಹೇಳಿಕೊಡುತ್ತ ಕೂತಿದ್ದೆ. ನನ್ನ ಬುದ್ಧಿ ಕೆಟ್ಟ ಸುದ್ದಿ ನನಗೊಬ್ಬಳಿಗೇ ಗೊತ್ತಿರಲಿಲ್ಲ ನೋಡಿ!

ನನ್ನ ಹೆಸರು ಗಂಗಾಂಬಿಕಾ. ಊರು ಕೊಟ್ಟೂರು. ಮೂರನೇ ವರ್ಷಕ್ಕೆ ಪೋಲಿಯೋ ಆಗಿ ಎಡಗಾಲು ಪೂರಾ ಹೋಯಿತು, ಬಲಗಾಲು ಅರ್ಧ ಉಳಿಯಿತು. ಎರಡು ಊರುಗೋಲು ಕೊಟ್ಟರೆ ಸಮನೆಲದ ಮೇಲೆ ಊರೆಲ್ಲ ಸುತ್ತಿ ಬರುತ್ತೇನೆ, ಮೆಟ್ಟಿಲು ಬಂದರೆ ಮಾತ್ರ ಸೋತೆ. "ಕಾಲು ತಗೊಂಡ ದೇವ್ರು ಬಾಯಿ ಯಾಕ ಬಿಟ್ಟನೋ" ಎಂದು ಅವ್ವ ಬೈಯುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಮೂರೇ ಜನ, ಅವ್ವ ಕೊಟ್ರಮ್ಮ, ನಾನು, ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವನಾದ ತಮ್ಮ ಗವಿಸಿದ್ದೇಶ.

ಅಂಗವಿಕಲರಿಗೆ ಎಸ್‌ಟಿಡಿ ಬೂತ್ ಕೊಡುತ್ತಾರೆಂದು ತೊಂಬತ್ತಾರರಲ್ಲಿ ಪೇಪರಿನಲ್ಲಿ ಓದಿದವಳು ನಾನು. ಅರ್ಜಿ ಬರೆದವಳೂ ನಾನೇ. ಸರ್ಟಿಫಿಕೇಟಿಗೆ ಬಳ್ಳಾರಿಗೆ ಮೂರು ಸಲ ಹೋದೆವು. ಡಾಕ್ಟರರು ಕೂರುವುದು ಮಹಡಿಯ ಮೇಲೆ. ಕಾಲಿಲ್ಲದವರನ್ನು ನೋಡುವ ಡಾಕ್ಟರರಿಗೆ ಮಹಡಿಯ ಮೇಲೆ ಕೋಣೆ ಕೊಟ್ಟ ಪುಣ್ಯಾತ್ಮ ಯಾರೋ! ಮೂರು ಸಲವೂ ಗವಿಸಿದ್ದೇಶ ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಹತ್ತಿದ. ಅದನ್ನು ಇಲ್ಲ ಎನ್ನುವಷ್ಟು ಕೆಟ್ಟವಳು ನಾನಲ್ಲ.

ಬೂತ್ ನನ್ನ ಹೆಸರಿಗೆ ಬಂತು. ಬಸ್ ಸ್ಟ್ಯಾಂಡಿನ ಎದುರಿಗೆ ಜಾಗ ಸಿಕ್ಕಿತು. ಕಟ್ಟಿಸುವ ಓಡಾಟವೆಲ್ಲ ತಮ್ಮನದು. ಚರಂಡಿ ನೀರು ನುಗ್ಗುತ್ತದೆ ಎಂದು ಎತ್ತರಕ್ಕೆ ಕಟ್ಟೆ ಕಟ್ಟಿಸಿ ಐದು ಮೆಟ್ಟಿಲು ಇಡಿಸಿದ. "ನಾ ಹತ್ತೋದು ಹೆಂಗಲೇ?" ಎಂದು ಕೇಳಿದರೆ, "ನಾ ಇಲ್ಲೇನಕ್ಕಾ? ದಿನಾ ಎತ್ತಿ ಕುಂದ್ರಸ್ತೀನಿ" ಎಂದ. ನನಗೆ ಕಣ್ಣಲ್ಲಿ ನೀರು ಬಂತು. ನನ್ನ ಬೂತಿಗೆ ನಾನೇ ಹತ್ತಲಾರದ ಹಾಗೆ ಕಟ್ಟಿದ್ದಾನೆ ಎಂದು ಹೊಳೆಯಲಿಲ್ಲ, ದಡ್ಡಿ!

ಒಂದೂವರೆ ವರ್ಷ ಆ ಕುರ್ಚಿಯ ಮೇಲೆ ಕೂತೆ. ಅದರ ಸುಖ ಹೇಗೆ ಹೇಳಲಿ? ಅಲ್ಲಿಯವರೆಗೆ ಊರು ನನ್ನನ್ನು ಕುಂಟಗಂಗಿ ಎನ್ನುತ್ತಿತ್ತು. ಕುರ್ಚಿಯ ಮೇಲೆ ಕೂತ ವಾರಕ್ಕೆ ಗಂಗಕ್ಕ ಆದೆ. ಓದು ಬಾರದವರಿಗೆ ನಂಬರ್ ಒತ್ತಿಕೊಡುತ್ತಿದ್ದೆ. ಹಡಗಲಿ, ಕೂಡ್ಲಿಗಿ, ಹೊಸಪೇಟೆ, ದಾವಣಗೆರೆ, ಎಲ್ಲ ಕೋಡ್ ಬಾಯಿಪಾಠ. ಕುರಿ ಕಾಯುವ ಯರ್ರೆಪ್ಪ ಕಾಕಾ ರಿಸೀವರನ್ನು ತಲೆಕೆಳಗು ಹಿಡಿದು, "ಏನೂ ಕೇಳವಲ್ದು, ನಿನ್ನ ಫೋನು ಕೆಟ್ಟೈತಿ" ಎಂದು ನನ್ನ ಮೇಲೆಯೇ ಜಗಳಕ್ಕೆ ಬರುತ್ತಿದ್ದ. "ಕಾಕಾ, ಬಾಯಿಗೆ ಹಿಡಿಯೋದನ್ನ ಕಿವಿಗೆ ಹಿಡಿದೀಯ, ತಿರುವು" ಎಂದರೆ ಇಡೀ ಬೂತ್ ನಗುತ್ತಿತ್ತು. ಸಂಜೆ ಇಳಿಯುವ ಹೊತ್ತಿಗೆ ಮೈಯೆಲ್ಲ ದಣಿದಿರುತ್ತಿತ್ತು. ದುಡಿದು ದಣಿಯುವುದು ಅಷ್ಟು ರುಚಿ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಸಣ್ಣಗೆ ಶುರುವಾಯಿತು. ಮೊದಲು ಊಟದ ಹೊತ್ತಿಗೆ ತಮ್ಮ ಕೂರತೊಡಗಿದ. ಆಮೇಲೆ, "ಮಳಿ ಬರಂಗೈತಿ, ಇವತ್ತು ಮನ್ಯಾಗಿರು" ಎಂದ. ಮಳೆ ಬರಲಿಲ್ಲ. ಮರುದಿನ ಅವನಿಗೆ ಸೊಂಟ ನೋವು, ಎತ್ತಲು ಆಗುವುದಿಲ್ಲ. ಆ ಸೊಂಟ ನೋವು ತಿಂಗಳುಗಟ್ಟಲೆ ವಾಸಿಯಾಗಲಿಲ್ಲ, ಆದರೆ ಬೂತಿನ ಶಟರ್ ಎತ್ತಲು ಮಾತ್ರ ಅಡ್ಡ ಬರಲಿಲ್ಲ. ನಾನು ಕೂಗಾಡಿದೆ. ಅವ್ವ, "ಗಂಡಹುಡುಗ ದುಡೀತಾನ, ನಿನಗ್ಯಾಕ ಉಸಾಬರಿ? ಕುಂತು ಉಣ್ಣು" ಎಂದಳು. ಹಿರೇಹಡಗಲಿಯ ಒಂದು ಹೆಣ್ಣಿನ ಜೊತೆ ತಮ್ಮನ ಮಾತುಕತೆ ನಡೆದಿತ್ತು. ಬೀಗರು ಬಂದ ದಿನ ಅವ್ವ ಅವರಿಗೆ, "ಫೋನಿನ ಬೂತ್ ಐತ್ರಿ ನಮ್ಮ ಹುಡುಗಂದು" ಎಂದಿದ್ದು ನಾನು ಒಳಗಿನಿಂದ ಕೇಳಿಸಿಕೊಂಡೆ. ನನ್ನನ್ನು ಅಡುಗೆಮನೆಯಿಂದ ಹೊರಗೆ ಬಿಡಲಿಲ್ಲ. ಮದುವೆ ಒಂದು ಆಗಲಿ, ಆಮೇಲೆ ಕುರ್ಚಿ ಕೇಳೋಣ ಎಂದು ಹಲ್ಲು ಕಚ್ಚಿ ಕೂತೆ. ತಮ್ಮನಲ್ಲವೇ, ನನ್ನವನಲ್ಲವೇ ಎಂದುಕೊಂಡೆ.

ಒಂದು ಬೆಳಿಗ್ಗೆ ಗವಿಸಿದ್ದೇಶ ಓಡೋಡಿ ಬಂದ. "ಅಕ್ಕಾ, ಲಗೂನ ಏಳು. ಫೋನ್ ಆಫೀಸಿನ ಸಾಹೇಬ್ರು ಚೆಕ್ಕಿಂಗ್ ಬರ್ತಾರಂತ, ನಿನ್ನ ನೋಡಬೇಕಂತ. ನೀ ಕುರ್ಚಿ ಮ್ಯಾಲ ಕುಂತಿರಬೇಕು."

"ನಿನ್ನ ಸೊಂಟ?"

"ಏನಿಲ್ಲ, ಬಾರ ನೀ!" ಎಂದವನೇ ಹೂವಿನ ಹಾಗೆ ಎತ್ತಿಕೊಂಡ. ಅವ್ವನೂ ಜೊತೆಗೆ ಬಂದಳು. ಬೂತ್ ಬಂದಾಗಿನಿಂದ ಒಂದು ದಿನವೂ ಅದರ ಕಡೆ ತಲೆ ಹಾಕದ ಅವ್ವ ಇವತ್ತೇಕೆ ಎಂದು ನನಗೆ ಆಶ್ಚರ್ಯ. ದಾರಿಯಲ್ಲಿ ತಮ್ಮ ಹೇಳಿದ, "ಅವರೇನು ಕೇಳಿದ್ರೂ ನೀ ಸುಮ್ನಿರು. ನಾವು ಮಾತಾಡ್ತೀವಿ." ಕುರ್ಚಿಗೆ ಮರಳಿದ ಖುಷಿಯಲ್ಲಿ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಾಹೇಬರು ಬಂದರು. ಕನ್ನಡಕದ ಹಿರಿಯರು, ಕಂಕುಳಲ್ಲಿ ಫೈಲು. ನನ್ನನ್ನು ನೋಡಿ ಮುಖದಲ್ಲಿ ಒಂದು ಥರ ಅಯ್ಯೋ ಪಾಪ ತಂದುಕೊಂಡರು. ನನ್ನ ಮುಂದೆ ಬಗ್ಗಿ, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಕೇಳಿದರು, "ನಿನ್... ಹೆಸರು... ಏನು ಪುಟ್ಟಿ?"

ಪುಟ್ಟಿ! ಇಪ್ಪತ್ತೇಳು ವರ್ಷದವಳು ನಾನು. "ಗಂಗಾಂಬಿಕಾ" ಎಂದೆ. "ಭೇಷ್" ಎಂದರು. "ಒಂದರಿಂದ ಹತ್ತು ಹೇಳ್ತೀಯಾ?"

ನನಗೆ ಸಿಟ್ಟು ನೆತ್ತಿಗೇರಿತು. ತಮ್ಮ ನಡುವೆ ಬಂದು, "ಆಕಿಗೆ ಹೊಸಬ್ರನ್ನ ಕಂಡ್ರ ಗಾಬರಿ ಆಕ್ಕೈತ್ರಿ ಸಾರ್" ಎಂದ. ಅಷ್ಟರಲ್ಲಿ ಸಾಹೇಬರು ಫೈಲು ಬಿಚ್ಚಿ ಟೇಬಲ್ಲಿನ ಮೇಲೆ ಇಟ್ಟರು. ಅವರಿಗೆ ಸರಿಯಾಗಿ, ನನಗೆ ತಲೆಕೆಳಗಾಗಿ. ಟೇಬಲ್ಲಿನ ಆಚೆಗೆ ನಿಂತು ಗಿರಾಕಿಗಳು ಬರೆದ ನಂಬರುಗಳನ್ನು ಓದಿ ಓದಿ ತಲೆಕೆಳಗಿನ ಅಕ್ಷರ ನನಗೆ ನೀರು ಕುಡಿದಷ್ಟು ಸಲೀಸು. ತಮ್ಮ ಇದೊಂದನ್ನು ಮರೆತಿದ್ದ.

ಕಾಗದ ತಮ್ಮನ ಕೈಬರಹದಲ್ಲಿತ್ತು, ಮೇಲೆ ಏಳು ತಿಂಗಳ ಹಿಂದಿನ ತಾರೀಕು. 'ಗಂಗಾಂಬಿಕಾ ಆದ ನಾನು ಕಾಲಿನ ಜೊತೆಗೆ ಬುದ್ಧಿಮಾಂದ್ಯಳೂ ಆಗಿದ್ದು, ಓದು ಬರಹ ತಿಳಿಯದ ಕಾರಣ, ಸದರಿ ಬೂತನ್ನು ನನ್ನ ತಮ್ಮನೇ ಕಾಯಂ ಆಗಿ ನಡೆಸಲು ನನ್ನ ಪೂರ್ಣ ಒಪ್ಪಿಗೆ ಇರುತ್ತದೆ.' ಕೆಳಗೆ ನೀಲಿ ಮಸಿಯ ಹೆಬ್ಬೆಟ್ಟು. ಅಬ್ಬಾ! ಬುದ್ಧಿ ಇಲ್ಲದವಳು ತನಗೆ ಬುದ್ಧಿ ಇಲ್ಲ ಎಂದು ತಾನೇ ಬುದ್ಧಿಯಿಂದ ಒಪ್ಪಿ ಕೊಟ್ಟಳಂತೆ! ನನ್ನ ಸಹಿ ಕದ್ದರೆ ಸಿಕ್ಕಿಬೀಳುತ್ತೇನೆಂದು ಹೆದರಿದ್ದಾನೆ. ಹೆಬ್ಬೆಟ್ಟಾದರೆ ಯಾರದೆಂದು ಯಾರು ನೋಡುತ್ತಾರೆ ಎಂದು ಧೈರ್ಯ.

"ಸಾರ್, ಈ ಫೈಲಿನ್ಯಾಗ ನನ್ನ ಮೊದಲನೇ ಅರ್ಜಿ ಐತೇನ್ರಿ?" ಎಂದೆ.

ಸಾಹೇಬರು ಬೆಚ್ಚಿ ನೋಡಿದರು. ಹಾಳೆ ತಿರುವಿದರು. ಎರಡು ಪುಟದ ಅರ್ಜಿ, ಕೆಳಗೆ ನನ್ನ ಸಹಿ. ನಾನು ಚೀಟಿಯ ಮೇಲೆ ಅದೇ ಸಹಿ ಹಾಕಿ ಮುಂದೆ ತಳ್ಳಿದೆ. "ನಾ ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ರಿ. ಹತ್ತರ ತನಕ ಅಲ್ಲ, ಹತ್ತೊಂಬತ್ತರ ಮಗ್ಗಿ ಬೇಕಾದ್ರೂ ಹೇಳ್ತೀನಿ."

ಅವರ ಮುಖದ ಅಯ್ಯೋ ಪಾಪ ಎಲ್ಲಿ ಹೋಯಿತೋ! ತಮ್ಮ ಬಾಗಿಲ ಕಡೆ ನೋಡುತ್ತಿದ್ದ. "ಹಾಗಾದರೆ ಈ ಹೆಬ್ಬೆಟ್ಟು ನಿಮ್ಮದಲ್ಲವಾ? ಯಾರದಮ್ಮ ಇದು?" ಎಂದು ಸಾಹೇಬರು ಕಾಗದ ತಿರುಗಿಸಿ ನನ್ನ ಕಣ್ಣ ಮುಂದೆ ಹಿಡಿದರು.

ಆಗ ಸರಿಯಾಗಿ ನೋಡಿದೆ. ಹೆಬ್ಬೆಟ್ಟಿನ ನಡುವೆ ಅಡ್ಡಡ್ಡ ಒಂದು ಬಿಳಿ ಗೆರೆ. ಜೋಳ ಕೊಯ್ಯುವಾಗ ಕುಡುಗೋಲು ತಾಗಿ ಅವ್ವನ ಎಡಗೈ ಹೆಬ್ಬೆರಳು ಸೀಳಿತ್ತು. ನನಗೆ ಆಗ ಏಳು ವರ್ಷ, ಅರಿಶಿನ ಒತ್ತಿ ಬಟ್ಟೆ ಕಟ್ಟಿದವಳು ನಾನೇ. ಆ ಬೆರಳು ನನಗೆ ಗೊತ್ತಿಲ್ಲವೇ?

ತಮ್ಮ ಮಾಡಿದ್ದು ತಡೆದುಕೊಂಡಿದ್ದೆ. ಇದನ್ನು ತಡೆಯಲಾಗಲಿಲ್ಲ. ಅವ್ವ ಮೂಲೆಯಲ್ಲಿ ಸೆರಗಿನೊಳಗೆ ಎಡಗೈ ಸುತ್ತಿಕೊಂಡು ನಿಂತಿದ್ದಳು.

"ಅವ್ವಾ, ಅದರಾಗ ಏನು ಬರದೈತಿ ಅಂತ ಗೊತ್ತಿತ್ತೇನು?" ಎಂದೆ. ಗೊತ್ತಿರಲಿಲ್ಲ ಎನ್ನು ತಾಯೀ, ಮೋಸ ಮಾಡಿ ಒತ್ತಿಸಿಕೊಂಡ ಎನ್ನು ಎಂದು ಒಳಗೊಳಗೇ ಬೇಡಿಕೊಂಡೆ. ಅಷ್ಟು ಹೇಳಿದ್ದರೆ ಆ ಹೆಬ್ಬೆಟ್ಟು ನನ್ನದೇ ಎಂದು ಸುಳ್ಳು ಹೇಳಿ ಕುರ್ಚಿ ಬಿಟ್ಟುಕೊಡುತ್ತಿದ್ದೆ, ಆಣೆಗೂ!

"ಓದಿ ಹೇಳ್ಯಾನ" ಎಂದಳು ಅವ್ವ. "ಗೊತ್ತಿದ್ದ ಒತ್ತೀನಿ. ಏನೀಗ? ಅವನಿಗರ ಒಂದು ಸಂಸಾರ ಆಗ್ಲಿ ಅಂತ ಒತ್ತಿದೆ. ನಿನಗೇನು ಗಂಡ ಬರಬೇಕಾಗೈತ, ಮಕ್ಳಾಗಬೇಕಾಗೈತ? ಮೂಲ್ಯಾಗ ಕುಂತಾಕಿಗೆ ಎರಡು ಹೊತ್ತು ಹಾಕ್ತಿದ್ದಿಲ್ಲೇನು ನಾವು?"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹೆಗ್ಗಣ ಯಾವುದು ಎಂದು ಅವ್ವ ಮೊದಲೇ ಆರಿಸಿಕೊಂಡಿದ್ದಳು, ಅದು ನಾನಲ್ಲ.

"ನಮ್ಮವ್ವನ ಹೆಬ್ಬೆಟ್ಟು ಸಾರ್" ಎಂದೆ. ಅವರು ಬಿಳಿ ಹಾಳೆ ಕೊಟ್ಟರು. ಎಲ್ಲವನ್ನೂ ಬರೆದೆ, ತಪ್ಪಿಲ್ಲದೆ ಬರೆದೆ. ಒಂದು ಅಕ್ಷರವೂ ಓರೆಯಾಗಲು ಬಿಡಲಿಲ್ಲ. ಸಾಹೇಬರು ತಮ್ಮನಿಗೆ ಎಚ್ಚರಿಕೆ ಕೊಟ್ಟು, ಬೂತನ್ನು ನಾನೇ ನಡೆಸಬೇಕು, ಇಲ್ಲವಾದರೆ ಲೈನ್ ಕಿತ್ತುಹಾಕುತ್ತೇವೆ ಎಂದು ಹೇಳಿ ಹೋದರು.

ಸುದ್ದಿ ಹಿರೇಹಡಗಲಿಗೆ ಮುಟ್ಟಿತು. ಬೀಗರು ಸಂಬಂಧ ಮುರಿದರು. ತಮ್ಮ ಹೊಸಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಅಕ್ಕ ಅಂದರೆ ಹೀಗಾ, ಒಡಹುಟ್ಟಿದವನ ಮದುವೆಗೆ ಮಣ್ಣು ಹಾಕಿದಳು ಎಂದರು. ಗಂಗಕ್ಕ ಎನ್ನುತ್ತಿದ್ದವರಲ್ಲಿ ಅರ್ಧ ಜನ ಮತ್ತೆ ಕುಂಟಗಂಗಿ ಎಂದರು. ನನ್ನ ಹೆಸರಿನಲ್ಲಿ ಬುದ್ಧಿಮಾಂದ್ಯಳು ಎಂದು ಬರೆದದ್ದರ ಬಗ್ಗೆ ಒಬ್ಬರೂ ಒಂದು ಮಾತು ಆಡಲಿಲ್ಲ.

ನಾನು ಮನೆ ಬಿಟ್ಟೆ. ಬೂತಿನ ಪಕ್ಕದ ಚಹದಂಗಡಿಯ ಜಂಬಣ್ಣ ಹಿಂದಿನ ಕೋಣೆ ಬಾಡಿಗೆಗೆ ಕೊಟ್ಟ. ಗೌಂಡಿ ಸುಂಕಪ್ಪನನ್ನು ಕರೆಸಿ ಐದೂ ಮೆಟ್ಟಿಲು ಒಡೆಸಿ ಇಳಿಜಾರು ಮಾಡಿಸಿದೆ. ಎರಡೇ ದಿನದ ಕೆಲಸ. ಈಗ ನಾನೇ ಹತ್ತುತ್ತೇನೆ, ನಾನೇ ಇಳಿಯುತ್ತೇನೆ.

ಹತ್ತು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಅವ್ವ ಬಂದಳು. ಸೊರಗಿದ್ದಳು. ನನ್ನ ಜೀವ ಕಿತ್ತುಕೊಂಡು ಅವಳ ಕಡೆಗೇ ಓಡಿತು, ಬಂದಳಲ್ಲ ನನ್ನವ್ವ ಎಂದು. ಅವಳು ನನ್ನ ಮುಖ ನೋಡದೆ ನಂಬರಿನ ಚೀಟಿ ಟೇಬಲ್ಲಿನ ಮೇಲಿಟ್ಟಳು.

"ಹೊಸಪೇಟಿಗೆ ಒಂದು ಫೋನ್ ಹಚ್ಚಿಕೊಡ್ರಿ."

ಕೊಡ್ರಿ! ಹೆತ್ತವಳು ನನಗೆ 'ರಿ' ಹಚ್ಚಿ ಮಾತಾಡಿದಳು.

ನಂಬರ್ ಒತ್ತಿದೆ. ತಮ್ಮನಿಗೆ ಸ್ವಂತ ಫೋನಿಲ್ಲ, ಅದು ಪಕ್ಕದ ಅಂಗಡಿಯದು. ಕರೆಸುತ್ತೇವೆ, ಐದು ನಿಮಿಷ ಬಿಟ್ಟು ಮಾಡಿ ಎಂದರು. ಐದು ನಿಮಿಷ ನಾವಿಬ್ಬರೂ ಇದ್ದೆವು. "ಕುಂದ್ರವ್ವ, ಚಹಾ ತರಸ್ಲಾ?" ಎಂದೆ. "ಬ್ಯಾಡ್ರಿ, ಇರ್ಲಿ" ಎಂದು ನಿಂತೇ ಇದ್ದಳು. ಮತ್ತೆ ಒತ್ತಿದೆ. ತಮ್ಮನ ದನಿ ಕೇಳಿತು. ರಿಸೀವರ್ ಅವ್ವನ ಕೈಗೆ ಕೊಟ್ಟೆ. ಒಳಗಿನ ಗಾಜಿನ ಗೂಡಿಗೂ ಹೋಗದೆ ಅವ್ವ ನನ್ನೆದುರಿಗೇ ನಿಂತು ಕೂಗಿ ಮಾತಾಡಿದಳು.

"ಹ್ಞೂಂ, ಆರಾಮ ಅದೀನಿ. ನೀ ಉಂಡೆಪ್ಪಾ?... ಹೌದು, ಬೂತಿನಿಂದನ ಮಾಡೀನಿ... ಇಲ್ಲಪ್ಪ, ಯಾರೂ ಇಲ್ಲ ಇಲ್ಲಿ, ನೀ ಹೇಳು. ಬೂತಿನಾಕಿ ಒಬ್ಬಾಕಿ ಅದಾಳ, ಅಷ್ಟ."

ನಾನು ಮೀಟರಿನ ಕಡೆ ಮುಖ ತಿರುಗಿಸಿ ಅತ್ತೆ. ಅವ್ವ ಇನ್ನೂ ಮಾತಾಡುತ್ತಲೇ ಇದ್ದಳು.