ಮೊದಲನೆಯ ಕುರ್ಚಿ

"ಏ ಗದಿಗೆವ್ವಾ, ಇಡಬೇ ಪುಸ್ತಕ ಕೆಳಗ! ಧೂಳ ಝಾಡಸು ಅಂದ್ರ ಓದಾಕ ಹತ್ತೀಯಲ್ಲ, ನಿಮ್ಮಪ್ಪ ಬರದಿಟ್ಟು ಹೋಗ್ಯಾನೇನು ನಿನ್ನೌನ?"

ಬಾಗಿಲಲ್ಲಿ ಪುಂಡಲೀಕಪ್ಪ ಸಾವ್ಕಾರ ನಿಂತಿದ್ದ. ಗದಿಗೆವ್ವ ಬೆಚ್ಚಲಿಲ್ಲ. ಕಸಬರಿಗೆಯಿಂದ ಒಂದು ಕಡ್ಡಿ ಮುರಿದು, ಓದುತ್ತಿದ್ದ ಪುಟದ ನಡುವೆ ಇಟ್ಟು, ಪುಸ್ತಕ ಮುಚ್ಚಿದಳು.

ಕುರ್ತಕೋಟಿ ದಾಟಿದ ಮೇಲೆ ಎರೆಹೊಲಗಳ ನಡುವೆ ಸಿಗುವ ಆ ಊರಿನಲ್ಲಿ ಪುಂಡಲೀಕಪ್ಪನ ಅಪ್ಪನ ಹೆಸರಿನದೊಂದು ವಾಚನಾಲಯ. ದಲಿತ ಕೇರಿಯ ಗದಿಗೆವ್ವ ಅಲ್ಲಿ ಆರು ವರ್ಷದಿಂದ ಕಸ ಹೊಡೆಯುತ್ತಾಳೆ. ಕುರ್ಚಿ ಒರೆಸಬಹುದು, ಎತ್ತಿಡಬಹುದು, ಕೂರುವಂತಿಲ್ಲ. ಹಾಗಂತ ಯಾರೂ ಬೋರ್ಡು ಬರೆದು ಹಾಕಿಲ್ಲ. ಬರೆಯುವ ಅಗತ್ಯ ಆ ಊರಿಗೆ ಬಿದ್ದಿಲ್ಲ. ಕೇರಿಯವರು ಪೇಪರ್ ಓದಬೇಕೆಂದರೆ ಮೆಟ್ಟಿಲ ಮೇಲೆ, ಅದೂ ನಿನ್ನೆಯ ಪೇಪರ್. ಹತ್ತನೆಯ ತರಗತಿ ಪಾಸಾದ ಗದಿಗೆವ್ವ ಮಾತ್ರ ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಪುಸ್ತಕ ಹಿಡಿದು ನಿಂತೇ ಅರ್ಧ ಕಪಾಟು ಮುಗಿಸಿದ್ದಳು. ಮೊಣಕಾಲು ನೋಯುತ್ತಿದ್ದವು. ಒಂದೇ ಒಂದು ಪುಸ್ತಕವನ್ನಾದರೂ ಕುಂತು ಓದಬೇಕು ಎನ್ನುವುದು ಅವಳ ಆಸೆ. ದೊಡ್ಡದೇನಲ್ಲ; ಆದರೆ ಆ ಊರಲ್ಲಿ ಅದಕ್ಕಿಂತ ಟ್ರ್ಯಾಕ್ಟರ್ ಕೊಳ್ಳುವುದು ಸಲೀಸು.

ಈಗ ಕೈಗೆ ಸಿಕ್ಕಿದ್ದು ಗದಗಿನ ನಿವೃತ್ತ ಮಾಸ್ತರರೊಬ್ಬರು ದಾನ ಕೊಟ್ಟ ಕಟ್ಟಿನಲ್ಲಿದ್ದ ಪುಸ್ತಕ: ಅಮೇರಿಕದ ಕಪ್ಪು ಜನ, ಅವರ ದೇವರು, ಅವರ ಹೋರಾಟ. ದಾನ ಬಂದ ಮೇಲೆ ಸಮಾರಂಭ ಆಗಬೇಕು, ಸಮಾರಂಭವೆಂದರೆ ಸಾವ್ಕಾರರ ಭಾಷಣ ಆಗಬೇಕು. ಭಾಷಣ ನಾಳೆಯೇ ಇತ್ತು. ಸಾವ್ಕಾರರು ಇನ್ನೂ ರಟ್ಟನ್ನು ಸಹ ಎತ್ತಿ ನೋಡಿರಲಿಲ್ಲ.

"ಓದೀದಿ ಅಂದ್ರ ಹೇಳಬೇ, ಏನೈತಿ ಅದರಾಗ?" ಪುಂಡಲೀಕಪ್ಪ ಕುರ್ಚಿ ಎಳೆದು ಕೂತು ಪೆನ್ನು ತೆಗೆದ.

ಗದಿಗೆವ್ವ ನಿಂತೇ ಹೇಳಿದಳು. "ಕರಿಯರು ಬಿಳಿಯರ ಚರ್ಚಿಗೆ ಹೋಗಿದ್ರಂತ್ರಿ. ಮೊಣಕಾಲೂರಿ ಪ್ರಾರ್ಥನಿ ಮಾಡಾಕ ಹತ್ತಿದ್ರು. ಇದು ನಿಮ್ಮ ಜಾಗ ಅಲ್ಲ, ಏಳ್ರಿ ಅಂತ ರಟ್ಟಿ ಹಿಡದು ಎಬ್ಬಿಸಿದ್ರಂತ."

"ಪ್ರಾರ್ಥನಿ ನಡುವನ? ಥೂ, ಎಂಥಾ ಹಲ್ಕಟ್ ಮಂದಿ!"

"ಹೌದ್ರಿ. ಎಲ್ಲಾರೂ ಎದ್ದು ಹೊರಗ ಬಂದು ತಮ್ಮದ ಚರ್ಚ್ ಕಟ್ಟಿಕೊಂಡ್ರು. ದೇವರು ಹೊಡಿಸಿಕೊಂಡವರ ಕಡಿ ಇರ್ತಾನ, ಅವನೂ ಕರಿಯಾನ ಅಂದ್ರು."

"ದೇವರು ಕರಿಯಾ?" ಸಾವ್ಕಾರ ತನ್ನ ಮುಂಗೈ ನೋಡಿಕೊಂಡು ಖುಷಿಯಾದ. ಅದು ಕಪ್ಪು ಎರೆಮಣ್ಣಿಗೆ ಸರಿಸಾಟಿ. ಬಣ್ಣದ ಮಾತಿಗೆ ಬಂದರೆ ಗದಿಗೆವ್ವ ಅವನ ಮುಂದೆ ಗೋಧಿಹಿಟ್ಟು. "ಬರ್ಕೊಂಡೆ. ಮುಂದ?"

"ಕಣ್ಣೆದುರಿಗೆ ನಡೀತಿದ್ರೂ ಸುಮ್ಮ ಕುಂತವನೂ ಪಾಪದಾಗ ಪಾಲುದಾರ ಅಂತ ಬರದಾರ್ರಿ."

"ಭೇಷ್! ಇದಕ್ಕ ಚಪ್ಪಾಳಿ ಬೀಳ್ತಾವು."

"ಸಾವ್ಕಾರ್ರ, ಇನ್ನ ನಲವತ್ತು ಪುಟ ಉಳದಾವ್ರಿ. ಇಲ್ಲೇ ಮೂಲ್ಯಾಗಿನ ಕುರ್ಚಿ ಮ್ಯಾಲ ಕುಂತು ಮುಗಿಸ್ಲೇನ್ರಿ?"

ಪೆನ್ನು ನಿಂತಿತು. "ಕುರ್ಚಿ ಮ್ಯಾಲ? ನೀ?" ಪುಂಡಲೀಕಪ್ಪ ಹೊಟ್ಟೆ ಕುಣಿಯುವಂತೆ ನಕ್ಕ. ಅಂಥ ತಮಾಷೆ ಅವನು ಆ ವರ್ಷ ಕೇಳಿರಲಿಲ್ಲ. "ಹೋಗ್, ಹೋಗ್. ನಾಳೆ ಮಂದಿ ಬರ್ತೈತಿ, ಕಸಾ ಹೊಡಿ."

ಬೈಗುಳ ಗದಿಗೆವ್ವನಿಗೆ ರೂಢಿಯಾಗಿತ್ತು. ಆ ನಗು ಮಾತ್ರ ಮನೆತನಕ ಅವಳ ಬೆನ್ನು ಹತ್ತಿ ಬಂತು.

ಮರುದಿನ ಮಧ್ಯಾಹ್ನ ವಾಚನಾಲಯ ತುಂಬಿತ್ತು. ಕೇರಿಯವರು ಹೊರಗೆ ಮೆಟ್ಟಿಲ ಮೇಲೆ. ಗದಿಗೆವ್ವ ಬಾಗಿಲ ಸಂದಿಯಲ್ಲಿ, ಪುಸ್ತಕ ಅವಳ ಸೆರಗಿನೊಳಗೆ. ಮಾಸ್ತರರು ಬರಲಾಗಲಿಲ್ಲವೆಂದು ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಉಳಿದಿತ್ತು.

"ಪ್ರಾರ್ಥನಿ ಮಾಡೂ ಮನಶ್ಯಾನ ರಟ್ಟಿ ಹಿಡದು ಎಬ್ಬಸ್ತಾರಂದ್ರ ಅವರೇನು ಮನಶ್ಯಾರೇನ್ರಿ!" ಕೈಯಲ್ಲಿ ಮೈಕು ಹಿಡಿದ ಪುಂಡಲೀಕಪ್ಪನಿಗೆ ಕಣ್ಣೀರು ಬಂತು, ಖರೇನೇ ಬಂತು. ಸುಮ್ಮನೆ ಕೂತವನ ಪಾಪದ ಮಾತಿಗೆ, ಸುಮ್ಮನೆ ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವನ ತಲೆಗೇರಿತು. "ಇವತ್ತ ಜಾಹೀರ ಮಾಡ್ತೇನಿ! ಆ ಅಮೇರಿಕಾದ ಕರಿ ಮಂದಿ ನಮ್ಮೂರಿಗೆ ಬಂದ್ರ ನಮ್ಮಪ್ಪನ ವಾಚನಾಲಯದಾಗ ಮೊದಲನೇ ಕುರ್ಚಿ ಅವರದು. ಇದ ನೋಡ್ರಿ, ಈ ಕುರ್ಚಿ!"

ಚಪ್ಪಾಳೆ ನಿಲ್ಲುವ ಮೊದಲೇ ಗದಿಗೆವ್ವ ನಡೆದು ಬಂದಳು. ಒರೆಸಲು ಬಂದಳೆಂದುಕೊಂಡು ಜನ ಕಾಲು ಸರಿಸಿ ದಾರಿ ಬಿಟ್ಟರು. ಅವಳು ಸೆರಗಿನ ತುದಿಯಿಂದ ಆ ಖಾಲಿ ಕುರ್ಚಿಯನ್ನು ಒರೆಸಿದಳು ಕೂಡ. ಆಮೇಲೆ ಕುಂತಳು.

ಅಕ್ಕಪಕ್ಕದವರು ದಡಬಡಿಸಿ ಎದ್ದರು. ಕೈಯಲ್ಲಿ ಮೈಕು ಇದ್ದುದನ್ನು ಮರೆತು ಪುಂಡಲೀಕಪ್ಪ ಒದರಿದ, "ಏಳಬೇ ರಂಡೇ! ಅದು ನಿನ್ನ ಜಾಗ ಅಲ್ಲ!"

ಬೇವಿನ ಗಿಡಕ್ಕೆ ಕಟ್ಟಿದ್ದ ಸ್ಪೀಕರು ಆ ಮಾತನ್ನು ಕೇರಿಯ ಕೊನೆಯ ಮನೆಗೂ ಮುಟ್ಟಿಸಿತು.

"ಗೊತ್ತೈತ್ರಿ ಸಾವ್ಕಾರ್ರ, ಇದು ಅವರದು," ಗದಿಗೆವ್ವ ಅಂದಳು. "ಅಮೇರಿಕಾ ದೂರ ಐತಿ. ಅವರು ಬರೂತನಕಾ ನಾ ಕುಂತಿರ್ತೇನಿ. ಬಂದ ಕೂಡ್ಲೆ ಏಳ್ತೇನಿ, ದೇವರಾಣಿ."

ಮೆಟ್ಟಿಲ ಮೇಲೆ ಯಾರೋ ಕಿಸಕ್ಕೆಂದರು. ಗದಿಗೆವ್ವನ ಅತ್ತೆ ಮುದುಕವ್ವ ಎದ್ದು ಬಂದು ಹೊಸ್ತಿಲ ಒಳಗೆ ಒಂದು ಕಾಲಿಟ್ಟಳು.

ಪುಂಡಲೀಕಪ್ಪ ದಾಪುಗಾಲಿಟ್ಟು ಬಂದು ಗದಿಗೆವ್ವನ ರಟ್ಟೆ ಹಿಡಿದ. ಸಭೆಯೆಲ್ಲ ಆ ರಟ್ಟೆಯನ್ನೇ ನೋಡಿತು. ಅವನೂ ನೋಡಿದ, ಎಳೆಯಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ. ಅವನ ಇನ್ನೊಂದು ಕೈಯ ಮೈಕು ಅವಳ ಬಾಯಿಯ ಹತ್ತಿರವೇ ಇತ್ತು. ಗದಿಗೆವ್ವ ಬಿಡುವಿದ್ದ ಕೈಯಿಂದ ಸೆರಗಿನೊಳಗಿನ ಪುಸ್ತಕ ತೆಗೆದು, ಕಸಬರಿಗೆ ಕಡ್ಡಿ ಇಟ್ಟ ಪುಟವನ್ನು ತೊಡೆಯ ಮೇಲೆ ಬಿಚ್ಚಿ, ಉಳಿದ ನಲವತ್ತು ಪುಟಗಳನ್ನು ಊರಿಗೆಲ್ಲ ಕೇಳುವಂತೆ ಓದತೊಡಗಿದಳು.