ಜರುಗಿದ ಸಾಲು

ತಮ್ಮ ಬರೆದಿಟ್ಟು ಹೋದ ಪ್ರೋಗ್ರಾಮಿನ ಸಾಲುಗಳ ಮೇಲೆ ಯಾರೋ ಕೈಯಾಡಿಸಿದ್ದಾರೆ ಎಂಬುದು ಫೈಲು ತೆರೆದ ಕ್ಷಣದಲ್ಲೇ ಅಕ್ಕನಿಗೆ ಗೊತ್ತಾಯಿತು. ಓದುವ ಅಗತ್ಯವೂ ಬೀಳಲಿಲ್ಲ. ಪರವೂರಿನಿಂದ ಮನೆಗೆ ಮರಳಿದವರಿಗೆ ಮಂಚ ಜರುಗಿದ್ದು ಹೊಸ್ತಿಲಲ್ಲೇ ತಿಳಿಯುವ ಹಾಗೆ, ಸಾಲುಗಳ ಎಡ ಅಂಚು ನೋಡಿದ್ದೇ ಸಾಕಾಯಿತು.

ಯಾರೋ ಏನು ಬಂತು, ನಾದಿನಿಯೇ. ತಮ್ಮ ತೀರಿಕೊಂಡ ಮೇಲೆ ಅವನ ಕುರ್ಚಿ, ಅವನ ಕಂಪ್ಯೂಟರು ಎರಡೂ ಅವನ ಹೆಂಡತಿಯ ಪಾಲಿಗೆ ಬಂದಿದ್ದವು. ನೀರು ಶುದ್ಧೀಕರಿಸುವ ಘಟಕದ ಈ ಕೋಣೆಯಲ್ಲಿ ಮೂವರೂ ಒಟ್ಟಿಗೆ ದುಡಿದವರು. ಪ್ರೋಗ್ರಾಂ ಬರೆಯುವುದು ತಮ್ಮ, ಪರಿಶೀಲಿಸಿ ಒಪ್ಪುವುದು ಅಕ್ಕ. ಕ್ಲೋರಿನ್ ಕೊಠಡಿಯಲ್ಲಿ ಅನಿಲ ಸೋರಿದರೆ ಕವಾಟ ಮುಚ್ಚಿ, ಜನ ಹೊರಗೋಡುವಂತೆ ಸೈರನ್ ಕೂಗಿಸುವುದು ಆ ಪ್ರೋಗ್ರಾಮಿನ ಕೆಲಸ. ಇಷ್ಟು ದಿನ ಹಗಲು ಹೊತ್ತಿನಲ್ಲಿ ಒಬ್ಬ ಮನುಷ್ಯನೂ ಅನಿಲದ ಮೀಟರ್ ಮುಂದೆ ಕಾವಲು ಕೂತಿರುತ್ತಿದ್ದ. ಸೋಮವಾರದಿಂದ ಅವನು ನಿವೃತ್ತ. ಆಮೇಲೆ ಕಾವಲಿಗೆ ಪ್ರೋಗ್ರಾಂ ಒಂದೇ. ಅಕ್ಕ ಇವತ್ತು ಕೊನೆಯ ಒಪ್ಪಿಗೆ ಕೊಡಬೇಕಿತ್ತು. ತಮ್ಮ ಬರೆದದ್ದು ಬರೆದಂತೆಯೇ ಉಳಿಯಬೇಕು ಎಂಬುದು ಅವಳ ಹಟ. ಅವನ ಉಳಿದ ಫೈಲುಗಳಿಗೆಲ್ಲ ಯಾರೂ ಮುಟ್ಟದಂತೆ ಬೀಗ ಹಾಕಿಸಿದ್ದಳು. ಈ ಕೆಲಸಕ್ಕಾಗಿ ಇದೊಂದನ್ನು ಬಿಟ್ಟಿದ್ದೇ ತಪ್ಪಾಯಿತು.

"ಇದನ್ನ ಮುಟ್ಟಿದ್ಯಾ?"

"ಯಾವುದನ್ನ, ಅತ್ತಿಗೆ?"

"ಏನೂ ಗೊತ್ತಿಲ್ಲದವಳ ಹಾಗೆ ಆಡಬೇಡ. ಸಾಲೆಲ್ಲ ದಿಕ್ಕಾಪಾಲಾಗಿದೆ."

"ಒಂದಕ್ಷರಾನೂ ಮುಟ್ಟಿಲ್ಲ. ಎಡಿಟರ್‌ನಲ್ಲಿ ಸಾಲು ಜೋಡಿಸೋ ಕೀ ಒತ್ತಿದೆ. ತಾನಾಗೇ ಜರುಗ್ತು."

"ತಾನಾಗಿ ಜರುಗೋಕೆ ಅದೇನು ಇರುವೆ ಸಾಲಾ?"

ನಾದಿನಿ ತಲೆ ತಗ್ಗಿಸಿದಳು. ಆ ತಲೆ ತಗ್ಗಿಸುವಿಕೆಯೇ ಅಕ್ಕನಿಗೆ ಸಾಕ್ಷಿಯಂತೆ ಕಂಡಿತು. ತಮ್ಮ ಹೋದ ತಿಂಗಳಲ್ಲೇ ಇವಳು ಅವನ ಅಂಗಿಗಳನ್ನು ಯಾರಿಗೋ ಕೊಟ್ಟುಬಿಟ್ಟಿದ್ದಳು. ಆಮೇಲೆ ಚಪ್ಪಲಿ ಹೋಯಿತು. ಈಗ ಇದು. ದೇವರು ಕರೆದುಕೊಂಡವನನ್ನು ಇವಳು ಭೂಮಿಯ ಮೇಲಿಂದಲೂ ಒರೆಸಿ ಹಾಕುತ್ತಿದ್ದಾಳೆಯೆ?

ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಮೀಟರ್ ಮುಂದೆ ಕೂರುವವನು, ಎಲ್ಲರಿಗೂ ಮಾಮ.

"ಏನಮ್ಮಾ, ಅತ್ತಿಗೆ ನಾದಿನಿ ಜಗಳಕ್ಕೂ ಆಫೀಸಿನವರೇ ಸಂಬಳ ಕೊಡ್ತಾರಾ? ಸೋಮವಾರದಿಂದ ನನ್ನ ಮೂಗಿಗೆ ರಜೆ ಅಂತ ಹೇಳೋಕೆ ಬಂದೆ."

"ಮೂಗು ಹೋದ್ರೇನು ಮಾಮ, ಸೈರನ್ ಇದೆಯಲ್ಲ," ಎಂದಳು ಅಕ್ಕ.

"ಅಯ್ಯೋ, ಅದರ ಪೌರುಷ ನಾನು ಕಾಣದ್ದಾ? ಆವತ್ತು ಮಧ್ಯಾಹ್ನ ಸೋರಿದಾಗ ಊರೆಲ್ಲ ಕೇಳೋ ಹಾಗೆ ಕೂಗಿದ್ದು ನಾನು. ಅದು ಬಾಯೇ ಬಿಡಲಿಲ್ಲ."

"ಸೋರಿದ್ದು ಕಡಿಮೆ ಇತ್ತು, ಅದಕ್ಕೆ ಕೂಗಲಿಲ್ಲ ಅಂತ ತಮ್ಮ ಆಗಲೇ ಹೇಳಿದ್ದ."

"ಹೇಳಿದ್ದ, ಹೇಳಿದ್ದ," ಎನ್ನುತ್ತ ಮಾಮ ಚಹಾ ಹುಡುಕಿಕೊಂಡು ಹೋದ.

ಅಕ್ಕ ತಮ್ಮನ ಹಳೆಯ ಪ್ರತಿಯನ್ನು ಹೊರತೆಗೆದಳು. ಖಾಲಿ ಜಾಗಗಳನ್ನು ಲೆಕ್ಕಕ್ಕೆ ಹಿಡಿಯದೆ ಎರಡನ್ನೂ ಹೋಲಿಸಿ ನೋಡಿದಳು. ಒಂದು ಅಕ್ಷರವೂ ವ್ಯತ್ಯಾಸವಿಲ್ಲ. ಇದರಿಂದ ಸಮಾಧಾನವಾಗಬೇಕಿತ್ತು, ಅನುಮಾನ ಇನ್ನಷ್ಟು ಬಲಿಯಿತು. ಅಕ್ಷರ ಬದಲಾಗದೆ ರೂಪ ಮಾತ್ರ ಹೇಗೆ ಕೆಟ್ಟೀತು?

ಆ ಪ್ರೋಗ್ರಾಂ ಬರೆದ ಲಿಸ್ಪ್ ಎಂಬ ಭಾಷೆಯಲ್ಲಿ ಎಲ್ಲವೂ ಆವರಣದೊಳಗೆ ಆವರಣ, ಅಂದರೆ ಬ್ರಾಕೆಟ್ಟಿನೊಳಗೆ ಬ್ರಾಕೆಟ್ಟು. ಯಾವ ಮಾತು ಯಾವುದರೊಳಗೆ ಸೇರಿದೆ ಎಂಬುದನ್ನು ಯಂತ್ರವು ಆವರಣ ನೋಡಿಯೇ ತಿಳಿಯುತ್ತದೆ. ಸಾಲಿನ ಮುಂದೆ ಬಿಡುವ ಜಾಗ ಮನುಷ್ಯರ ಕಣ್ಣಿಗಾಗಿ. ಒಳಗಿನದನ್ನು ತುಸು ಬಲಕ್ಕೆ ಸರಿಸಿ ಬರೆಯುತ್ತಾರೆ. ಪ್ರೋಗ್ರಾಂ ಬರೆಯಲು ಬಳಸುವ ಎಡಿಟರ್ ತಂತ್ರಾಂಶ ಕೂಡ ಆವರಣಗಳನ್ನು ಎಣಿಸಿ ಆ ಜಾಗವನ್ನು ತಾನೇ ಬಿಡಬಲ್ಲದು. ಆದರೆ ತಮ್ಮ ತಾನೇ ಕಟ್ಟಿಕೊಂಡ ಕೆಲವು ಆಜ್ಞೆಗಳ ಪರಿಚಯ ಅದಕ್ಕಿರಲಿಲ್ಲ, ಅವುಗಳ ಸಾಲುಗಳನ್ನು ಎಲ್ಲೋ ದೂರ ತಳ್ಳುತ್ತಿತ್ತು. ಅದಕ್ಕೆ ನಿಯಮ ಹೇಳಿಕೊಡುವಷ್ಟು ತಾಳ್ಮೆ ಅವನಿಗಿರಲಿಲ್ಲ. ಕೈಯಿಂದಲೇ ಒಪ್ಪವಾಗಿ ಜೋಡಿಸುತ್ತಿದ್ದ.

"ಅವರ ಆಜ್ಞೆಗಳಿಗೆ ನಿಯಮ ಬರೀತೀನಿ, ನಿಮ್ಮೆದುರೇ," ಎಂದಳು ನಾದಿನಿ. "ಆಮೇಲೆ ಏನು ಬೇಕಾದ್ರೂ ಅನ್ನಿ."

ಬರೆದಳು. ಕೀ ಒತ್ತಿದಳು. ದೂರ ಹೋಗಿದ್ದ ಸಾಲುಗಳೆಲ್ಲ ಸರಸರನೆ ಮರಳಿ, ತಮ್ಮ ಜೋಡಿಸಿದ್ದ ಜಾಗಕ್ಕೇ ಬಂದು ನಿಂತವು. ಒಂದು ಮಾತ್ರ ಬರಲಿಲ್ಲ. ಸೈರನ್ ಕೂಗಿಸುವ ಸಾಲು.

ತಮ್ಮನ ಪ್ರತಿಯಲ್ಲಿ ಅದು ಕವಾಟ ಮುಚ್ಚುವ ಸಾಲಿನ ನೇರಕ್ಕಿತ್ತು. ಇಲ್ಲಿ, 'ರಾತ್ರಿಯಾಗಿದ್ದರೆ ದೀಪ ಹಾಕು' ಎಂಬುದರ ಒಳಕ್ಕೆ ಸರಿದು ದೀಪದ ಕೆಳಗೆ ಕೂತಿತ್ತು.

"ಇದಕ್ಕೆ ಬೇರೆ ಏನೋ ಹೇಳಿಕೊಟ್ಟಿದ್ದೀಯ."

"ಇಲ್ಲ, ಅತ್ತಿಗೆ."

"ಸುಳ್ಳು."

ನಾದಿನಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಅಕ್ಕ ಕೂತು, ಪರದೆಯ ಮೇಲೆ ಬೆರಳಿಟ್ಟು ಹಳೆಯ ಪ್ರತಿಯ ಆವರಣಗಳನ್ನೇ ಎಣಿಸಿದಳು. ದೀಪದ ಸಾಲಿನ ಕೊನೆಯಲ್ಲಿ ಮುಚ್ಚಬೇಕಾದ ಒಂದು ಆವರಣ ಅಲ್ಲಿ ಮುಚ್ಚಿರಲಿಲ್ಲ. ಅದು ಕೆಳಗೆ, ಸೈರನ್ನಿನ ಸಾಲು ದಾಟಿದ ಮೇಲೆ ಇತ್ತು. ಮತ್ತೆ ಎಣಿಸಿದಳು. ಯಂತ್ರ ಇಷ್ಟು ಕಾಲ ತಿಳಿದುಕೊಂಡದ್ದು ಇಷ್ಟೇ: ರಾತ್ರಿಯಾಗಿದ್ದರೆ ದೀಪ ಹಾಕು, ಸೈರನ್ ಕೂಗಿಸು. ಹಗಲಾದರೆ ಎರಡೂ ಬೇಡ.

ಹಗಲು ಕೂಗಿಸಿದರೆ ಪಕ್ಕದ ಶಾಲೆಯ ಮಕ್ಕಳು ಬೆದರುತ್ತಾರೆಂದು ಸೈರನ್ನಿನ ಪರೀಕ್ಷೆಯನ್ನು ಅವರು ಯಾವಾಗಲೂ ಕತ್ತಲಾದ ಮೇಲೆಯೇ ಮಾಡುತ್ತಿದ್ದರು. ಪ್ರತಿ ಸಲವೂ ಚೆನ್ನಾಗಿ ಕೂಗುತ್ತಿತ್ತು.

"ನಿಂಗೆ ಗೊತ್ತಿತ್ತು," ಎಂದಳು ಅಕ್ಕ. ದನಿ ಎಲ್ಲೋ ಬಾವಿಯೊಳಗಿಂದ ಬಂದಂತಿತ್ತು.

"ನಿನ್ನೆ ಕಾಣಿಸ್ತು."

"ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಹೇಳಿದ್ರೆ ನಂಬ್ತಿದ್ರಾ? ಸತ್ತ ಗಂಡನ ಹೆಸರು ಕೆಡಿಸೋಕೆ ಹೊರಟಳು ಅಂತಿದ್ರಿ. ಅಂಗಿ ಕೊಟ್ಟಿದ್ದಕ್ಕೇ ನನ್ನ ಹತ್ರ ಮಾತು ಬಿಟ್ಟವರು ನೀವು. ಆ ಅಂಗಿಗಳ ವಾಸನೆಗೆ ನಂಗೆ ನಿದ್ದೆ ಬರ್ತಿರಲಿಲ್ಲ, ಅತ್ತಿಗೆ." ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. "ಸಾಲು ಎಲ್ಲಿದೆ ಅಂತ ನೀವೇ ನೋಡ್ತೀರಿ ಅಂದ್ಕೊಂಡು ಹಾಗೇ ಬಿಟ್ಟೆ. ನೋಡದೆ ಸಹಿ ಹಾಕೋಕೆ ಹೋಗಿದ್ರೆ ಕೈ ಹಿಡೀತಿದ್ದೆ."

ಅಕ್ಕ ಮತ್ತೆ ಹಳೆಯ ಪ್ರತಿಯತ್ತ ತಿರುಗಿದಳು. ಅಂದು ಪರಿಶೀಲಿಸಿ ಒಪ್ಪಿದವಳು ತಾನೇ. ಜೋಡಣೆಯ ಅಂದ ನೋಡಿದ್ದಳು, ಆವರಣ ನೋಡಿರಲಿಲ್ಲ. ತನ್ನ ಕೈಯಲ್ಲಿ ಬೆಳೆದ ಹುಡುಗ ಬರೆದದ್ದು, ಅದನ್ನು ಎಣಿಸುವುದುಂಟೆ?

"ತಿದ್ದು," ಎಂದಳು.

ನಾದಿನಿ ಆವರಣವನ್ನು ಮೇಲಕ್ಕೆ ತಂದು ಕೀ ಒತ್ತಿದಳು. ಸಾಲು ದೀಪದ ಕೆಳಗಿನಿಂದ ಎದ್ದು ಎಡಕ್ಕೆ ಬಂದು ನಿಂತಿತು. ಶಾಲೆಗೆ ಫೋನ್ ಮಾಡಿ ಹೇಳಿ, ನಡು ಹಗಲಿನಲ್ಲೇ ಪರೀಕ್ಷೆ ಮಾಡಿದರು. ಸೈರನ್ ಕೂಗಿದ ಅಬ್ಬರಕ್ಕೆ ಅಂಗಳದಲ್ಲಿ ಮಾಮನ ಚಹಾ ಚೆಲ್ಲಿ, ಅವನು ಬೈದದ್ದು ಅವರ ಕೋಣೆಗೂ ಕೇಳಿಸಿತು.

ಇನ್ನು ಒಪ್ಪಿಗೆ ಕೊಡಬಹುದಿತ್ತು. ಅಕ್ಕ ಕೊಡಲಿಲ್ಲ. ಬೀಗ ಹಾಕಿದ ಫೈಲುಗಳ ಹೆಸರುಗಳನ್ನೇ ದಿಟ್ಟಿಸುತ್ತ ಕೂತಳು. ಪಂಪು, ತೊಟ್ಟಿ, ಕವಾಟ. ಎಲ್ಲವೂ ಅವನ ಕೈಯ ಒಪ್ಪವಾದ ಜೋಡಣೆ. ಇಲ್ಲಿಯವರೆಗೆ ಅವು ಅವಳ ಪಾಲಿಗೆ ಅವನ ಮುಖದಂತೆ ಇದ್ದವು.

ಒಂದೊಂದಾಗಿ ಬೀಗ ತೆಗೆದಳು.

"ಬಾ, ಪಕ್ಕದಲ್ಲಿ ಕೂತ್ಕೋ," ಎಂದಳು. "ನೀನು ಕೀ ಒತ್ತು. ನಾನು ನೋಡ್ತೀನಿ."

ಪಂಪಿನ ಫೈಲು ತೆರೆಯಿತು. ನಾದಿನಿ ಕೀ ಒತ್ತಿದಳು. ಅಕ್ಕ ಒಂದೊಂದು ಸಾಲನ್ನೂ ಕಳ್ಳನನ್ನು ನೋಡುವಂತೆ ನೋಡಿದಳು. ಯಾವುದೂ ಅಲುಗಲಿಲ್ಲ.

"ಇದು ಸರಿಯಾಗಿದೆ," ಎಂದಳು ನಾದಿನಿ, ಮೆಲ್ಲಗೆ.

"ಆವರಣಾನೂ ಎಣಿಸು," ಎಂದಳು ಅಕ್ಕ.