ಪ್ರಮೋದಕ್ಕನ ಶಾಮಿಯಾನ

ಟಣ್ — ಹಾರೆ ಕಲ್ಲಿಗೆ ಬಡಿಯಿತು, ಅಲ್ಲಿ ಕಲ್ಲಿದೆ ಮುನಿಶಾಮಪ್ಪ, ಒಂದು ಮೊಳ ಈಚೆಗೆ ತೋಡು ಎನ್ನಬೇಕು, ಬಾಯಿ ಬರುತ್ತಿಲ್ಲ, ನನಗೆ ಮದುವೆಯಾದಾಗಿನಿಂದ ನನ್ನ ಜೊತೆ ಕಂಬ ನೆಟ್ಟವನು, ದೊಡ್ಡಬಳ್ಳಾಪುರದ ಪ್ರತಿ ಬೀದಿಯ ನೆಲ ಅವನಿಗೆ ಗೊತ್ತು, ನಮ್ಮ ಮನೆ ಮುಂದಿನದೊಂದು ಗೊತ್ತಿಲ್ಲ, ಹೇಗೆ ಗೊತ್ತಿರಬೇಕು, ಈ ಬಾಗಿಲಿಗೆ ನಾವು ಯಾವತ್ತೂ ಶಾಮಿಯಾನ ಕಟ್ಟಿದವರಲ್ಲ. ಏಳಲು ಹೋದರೆ ಯಾರೋ ಭುಜ ಹಿಡಿದು ಕೂರಿಸುತ್ತಾರೆ, ಕೂತ್ಕೊಳ್ಳಿ ಕಾಂತರಾಜಣ್ಣ, ಇವತ್ತು ನೀವೇನೂ ಮಾಡಂಗಿಲ್ಲ, ನಾವೆಲ್ಲಾ ಇದೀವಲ್ಲ — ನಮ್ಮದೇ ಬಾಡಿಗೆ ಕುರ್ಚಿ, ಬೆನ್ನ ಹಿಂದೆ ಅವಳ ಹೆಸರು, ಪ್ರಮೋದಾ ಶಾಮಿಯಾನ, ರೀ ನಿಮ್ಮ ಹೆಸರು ಹಾಕ್ಸಿ ಎಂದು ಅವಳು, ಊರು ಕರೆಯೋದು ನಿನ್ನ ಹೆಸರಲ್ಲಿ ಕಣೇ, ನಂದು ಯಾರಿಗೆ ಗೊತ್ತು ಎಂದು ನಾನು, ಸುಮ್ಮನೆ ಅಂದದ್ದಲ್ಲ, ನಿಜವಾಗಿಯೂ ಹಾಗೇ ಇತ್ತು. ಅವಳು ಅಲ್ಲಿ ಚಾಪೆಯ ಮೇಲೆ, ಜಗಲಿಯ ನೆರಳು ಪಾದದವರೆಗೂ ಮುಟ್ಟದೆ ಬಿಸಿಲಲ್ಲಿ ಪಾದ, ಪಕ್ಕದ ಮನೆಯ ಕದಿರಮ್ಮಜ್ಜಿ ಸೆರಗಿನಿಂದ ನೊಣ ಓಡಿಸುತ್ತಿದ್ದಾಳೆ, ಬೆಳಗ್ಗೆ ಕಾಫಿ ಕುಡಿದವಳು, ಅಂಗಡಿ ಬಾಗಿಲು ತೆಗೆದವಳು, ಸುತ್ತಿಟ್ಟ ಜಮಖಾನೆಗಳ ಮೇಲೆ ಎಂದಿನಂತೆ ಕೂತಳು, ತೂಬಗೆರೆಯ ಚಿಕ್ಕಬೀರಪ್ಪ ಬಂದಿದ್ದ, ಮಗಳ ಮದುವೆಗೆ ಶಾಮಿಯಾನ ಹೇಳಿ ಹೋಗಲು, ತಾರೀಕು ಕೇಳುವ ಮೊದಲು ಅವಳು ಎಲ್ಲರನ್ನೂ ಕೇಳುವುದೊಂದೇ, ಹುಡುಗಿ ಹೆಸರೇನಣ್ಣಾ — ಕೇಳಿದವಳು ಉತ್ತರಕ್ಕೆ ಕಾಯಲಿಲ್ಲ, ಗೋಡೆಗೆ ಒರಗಿದಳು, ನಾನು ಒಳಗೆ ಹಗ್ಗ ಸುತ್ತುತ್ತಿದ್ದೆ, ಅಣ್ಣಾ, ಅಕ್ಕ ಯಾಕೋ ಮಾತಾಡ್ತಿಲ್ಲ ಬನ್ನಿ ಎಂದು ಚಿಕ್ಕಬೀರಪ್ಪನ ಕೂಗು, ಆಸ್ಪತ್ರೆಯಲ್ಲಿ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ತಲೆಯಾಡಿಸಿದರು, ಹಾರ್ಟು ಎಂದರು, ಅಷ್ಟೇ, ಆಟೋದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ತಂದೆ, ಹಂಪ್ ಬಂದಾಗಲೆಲ್ಲ ಅವಳ ತಲೆ ಹಿಡಿದುಕೊಂಡೆ, ಪೆಟ್ಟಾಗಬಾರದು ಎಂದು.

ಯಾರದೋ ಕೈ, ಒಂದು ಲೋಟ ಕಾಫಿ, ಮುನಿಲಕ್ಷ್ಮಮ್ಮ, ಬೇಡಮ್ಮ ಎಂದೆ, ಕುಡೀರಿ ಅಣ್ಣಾ, ಸತ್ತೋರ ಜೊತೆ ಹೋಗಕ್ಕಾಗಲ್ಲ, ಒಂದ್ ಗುಟುಕು ಕುಡೀರಿ, ನನ್ ಮಗ ಹೋದಾಗ ಪ್ರಮೋದಕ್ಕ ನಂಗೆ ಹಿಂಗೇ ಅಂದಿದ್ದು, ಅವರೇ ಬಾಯಿಗಿಟ್ಟು ಕುಡಿಸಿದ್ದು — ಹೌದು, ನೆನಪಿದೆ, ಕೆಲಸದಿಂದ ಬರುವಾಗ ಬೈಕಿನಿಂದ ಬಿದ್ದು ಹೋದ ಹುಡುಗ, ನೆಂಟರು ಬರುವ ಮೊದಲೇ ಸಾವಿಗೆ ಕಟ್ಟುವ ನಮ್ಮ ಬಿಳಿ ಬಟ್ಟೆ ಅವರ ಬಾಗಿಲಲ್ಲಿತ್ತು, ಸಾವಿನ ಮನೆಯಿಂದ ಫೋನ್ ಬಂದರೆ ಅವಳು ನನಗಿಂತ ಮೊದಲು ಹೊರಡುವಳು, ಒಂದು ಕೈಯಲ್ಲಿ ಫ್ಲಾಸ್ಕು, ನೀವು ಕಂಬ ನೋಡ್ಕೊಳ್ಳಿ ನಾನು ಹೆಂಗಸ್ರನ್ನ ನೋಡ್ಕೋತೀನಿ, ಅಳುವವರ ಪಕ್ಕ ಹೋಗಿ ಕೂರುವುದು, ಬೆನ್ನಿನ ಮೇಲೆ ಕೈ. ಮದುವೆ ಮನೆಯಾದರೂ ಹಾಗೆಯೇ, ಹುಡುಗಿಯ ಕುಪ್ಪಸದ ಹುಕ್ಕು ಕಿತ್ತರೆ ಓಡಿ ಬರುವುದು ಇವಳ ಹತ್ತಿರ, ಸೂಜಿ ದಾರ ಸದಾ ಸೊಂಟದಲ್ಲಿ, ವರ್ಷಗಳ ಮೇಲೂ ಸಂತೆಯಲ್ಲಿ ಆ ಹುಡುಗಿಯ ಅಪ್ಪನನ್ನು ನಿಲ್ಲಿಸಿ ಅವಳ ಹೆಸರು ಹಿಡಿದು ಕೇಳುವಳು, ನಿಮ್ಮ ಹುಡುಗಿ ಹೆಂಗವ್ಳೆ, ಗಂಡನ ಮನೇಲಿ ಚೆನ್ನಾಗವ್ರಾ. ಊರಿಗೆಲ್ಲ ನೆರಳು ಹಾಕಿದವಳು, ನಮ್ಮ ಮದುವೆಗೆ ನೆರಳಿರಲಿಲ್ಲ, ಅವಳು ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಿದ್ದಳು, ನಾನು ಯಾರದೋ ಶಾಮಿಯಾನದ ಕಂಬ ಹೊರುತ್ತಿದ್ದೆ, ಅವರಪ್ಪ ಒಪ್ಪಲಿಲ್ಲ, ಘಾಟಿಯ ದೇವಸ್ಥಾನದಲ್ಲಿ ಮಟಮಟ ಮಧ್ಯಾಹ್ನ ತಾಳಿ ಕಟ್ಟಿದೆ, ಕಲ್ಲು ಹಾಸಿನ ಮೇಲೆ ಬರಿಗಾಲು ಸುಟ್ಟು ಅವಳು ಒಂದು ಕಾಲ ಮೇಲೆ ಒಂದು ಕಾಲು ಇಟ್ಟು ನಿಂತದ್ದು, ಬೆವರು, ನಗು, ಊರೋರಿಗೆಲ್ಲ ಚಪ್ಪರ ಹಾಕ್ತೀರ, ನನ್ ಮದುವೆಗೆ ಒಂದ್ ಛತ್ರಿನೂ ಇಲ್ಲ. ಆಮೇಲೆ ಮಗ್ಗದ ಮನೆಗಳಲ್ಲಿ ಉಳಿದ ತುಂಡು ಬಟ್ಟೆ ಬೇಡಿ ತಂದಳು, ಕೆಂಪು ಹಳದಿ ಹಸಿರು ನೇರಳೆ, ಹಳೆಯ ಹೊಲಿಗೆ ಮೆಷಿನ್ನಿನ ಮುಂದೆ ಇಡೀ ಮಳೆಗಾಲ ಕೂತು ನಮ್ಮ ಮೊದಲ ಶಾಮಿಯಾನ ಹೊಲಿದಳು, ಮಗಳು ಕೀರ್ತನ ಆಗ ಹೊಟ್ಟೆಯಲ್ಲಿ, ಅದರ ಕೆಳಗೆ ಎಷ್ಟು ಹುಡುಗಿಯರು ಧಾರೆ ಎರೆಸಿಕೊಂಡರು, ಇವಳು ಮಾತ್ರ ಯಾವಾಗಲೂ ಹೊರಗೆ ಗೂಟದ ಪಕ್ಕ, ನಮ್ಮ ಮಗಳ ಮದುವೆಗಾದರೂ ಕಟ್ಟೋಣವೆಂದಿದ್ದೆವು, ಬೀಗರು ಹೊಸಕೋಟೆಯ ಕಲ್ಯಾಣ ಮಂಟಪವೇ ಆಗಬೇಕೆಂದರು, ಆಗಲಿ ಬಿಡಿ ಹುಡುಗಿ ಸುಖವಾಗಿರ್ಲಿ ಎಂದವಳು ರಾತ್ರಿ ಆ ಬಟ್ಟೆಯನ್ನು ಮತ್ತೆ ಮಡಿಸಿ ಇಟ್ಟಳು, ಸುಕ್ಕಿರಲಿಲ್ಲ, ಆದರೂ ಮಡಿಸಿದಳು.

ಅಪ್ಪಾ — ಕೀರ್ತನ, ಅಳಿಯ ಪಿಲ್ಲಗುಂಪೆ ಫ್ಯಾಕ್ಟರಿಯಿಂದ ಹಾಗೇ ಯೂನಿಫಾರ್ಮಿನಲ್ಲಿ ಬಂದಿದ್ದಾನೆ, ಅವಳು ಕಾರಿಳಿದವಳೇ ಅಮ್ಮನ ಪಾದ ಹಿಡಿದಳು, ಅಮ್ಮನ ಕಾಲು ಬಿಸಿಯಿದೆ ಅಪ್ಪಾ, ಅಪ್ಪಾ ಕಾಲು ಬಿಸಿಯಿದೆ — ಬಿಸಿಲಮ್ಮಾ ಅದು, ಬಿಸಿಲು, ಅಂದೆನೋ ಇಲ್ಲವೋ, ಅಷ್ಟರಲ್ಲಿ ಮುನಿಶಾಮಪ್ಪ ಅಂಗಡಿಯಿಂದ ಬಿಳಿ ಬಟ್ಟೆಯ ಗಂಟು ಹೊತ್ತು ತಂದ, ಹೋದ ವಾರ ಅವಳೇ ನೀಲಿ ಹಾಕಿ ಒಗೆದದ್ದು, ಇನ್ನೂ ಗಂಜಿಯ ವಾಸನೆ, ಎದ್ದೆ, ಯಾರೋ ಭುಜ ಹಿಡಿದರು, ಕೊಡವಿದೆ, ಬೇಡ ಕಣೋ, ಅದನ್ನ ಬಿಡು, ಬಣ್ಣದ್ದು ತಾ. ಅಣ್ಣಾ ಅದು ಮದುವೆ ಬಟ್ಟೆ, ಒಂದ್ಸಲ ಸಾವಿಗೆ ಕಟ್ಬಿಟ್ರೆ ಮುಗೀತು, ಮದುವೆಗೆ ಯಾರೂ ಮುಟ್ಟಲ್ಲ, ಅದನ್ನೇ ಕೇಳ್ಕೊಂಡು ಬರೋರು ಇನ್ನೂ ಅವ್ರೆ — ಮುಗೀಲಿ ತಾ. ಗುಸುಗುಸು, ಯಾರೋ ಹಿರಿಯರು, ದುಃಖದಲ್ಲಿ ಏನೋ ಹೇಳ್ತಾನೆ, ಬಿಳೀದೇ ಕಟ್ರಪ್ಪ, ಆಗ ಕದಿರಮ್ಮಜ್ಜಿ ನೊಣ ಓಡಿಸುವುದು ನಿಲ್ಲಿಸಿ, ಮುತ್ತೈದೆ ಸಾವು ಕಣ್ರಪ್ಪ, ಅರಿಶಿನ ಕುಂಕುಮ ಹೂವ ಎಲ್ಲಾ ಇಟ್ಟು ಕಳಿಸ್ತೀರ, ಬಣ್ಣದ ನೆರಳು ಬ್ಯಾಡ್ವಾ. ಚಿಕ್ಕಬೀರಪ್ಪ ಗೇಟಿನ ಹತ್ತಿರ ಬೆಳಗಿನಿಂದ ನಿಂತೇ ಇದ್ದವನು ಮುಂದೆ ಬಂದ, ನನ್ ಮದುವೆ ಅದ್ರಡೀಲೇ ಆಗಿದ್ದು, ಮಗಳಿಗೂ ಅದನ್ನೇ ಕೇಳಕ್ಕೆ ಬಂದಿದ್ದೆ ಅಣ್ಣಾ, ಇನ್ನೇನು ಹೇಳುತ್ತಾನೋ ಎಂದು ನೋಡಿದೆ, ಕವಿತ ಅಂತ ನಮ್ ಹುಡುಗಿ ಹೆಸರು, ಅಕ್ಕ ಕೇಳಿದ್ರು, ನಾನು ಹೇಳಕ್ಕೇ ಆಗ್ಲಿಲ್ಲ — ಅಂಗಡಿಯೊಳಗೆ ಹೋದ, ಆ ದೊಡ್ಡ ಗಂಟನ್ನು ಹೆಗಲ ಮೇಲೆ ಹೊತ್ತು ತಂದು ಬಿಚ್ಚಿದ.

ನಾಲ್ಕು ಮೂಲೆಗೆ ನಾಲ್ವರು, ಮುನಿಶಾಮಪ್ಪ ಅಳುತ್ತಾ ಗಂಟು ಹಾಕುತ್ತಾನೆ, ಬಟ್ಟೆ ಎದ್ದಿತು, ಗಾಳಿ ತುಂಬಿಕೊಂಡಿತು, ಕೊನೆಯ ಹಗ್ಗ ನನಗೆ ಕೊಡ್ರೋ ಎಂದೆ, ಕೊಟ್ಟರು, ಎಳೆದು ಗೂಟಕ್ಕೆ ಸುತ್ತಬೇಕು, ಕಣ್ಣು ಮುಚ್ಚಿ ಮಾಡುವ ಕೆಲಸ, ತಿರುಗಿ ನೋಡಿದೆ, ಬಿಸಿಲು ಬಟ್ಟೆಯಿಂದ ಸೋಸಿ ಬಂದು ಕೀರ್ತನಳ ಬೆನ್ನು ಹಸಿರು, ಕದಿರಮ್ಮಜ್ಜಿಯ ನರೆಗೂದಲು ಹಳದಿ, ಅವಳ ಮುಖ, ಬೆಳಗಿನಿಂದ ಬೂದಿ ಬಣ್ಣಕ್ಕೆ ತಿರುಗಿದ್ದ ಮುಖ, ಕೆನ್ನೆಯ ಮೇಲೆ ಕೆಂಪು, ಘಾಟಿಯ ಬಿಸಿಲಲ್ಲಿ ನಿಂತವಳ ಕೆಂಪು, ಕಣ್ಣು ಬಿಡುತ್ತಾಳೆ ಈಗ, ರೀ ನೋಡ್ಕೊಂಡು ಕಟ್ರೀ ಎನ್ನುತ್ತಾಳೆ — ಗಾಳಿ ಸರಿಯಿತು, ಕೆಂಪು ಹೋಯಿತು, ಹಗ್ಗ ಎಳೆದೆ, ಕೆಂಪು ಮತ್ತೆ ಬಂತು. ಅಪ್ಪಾ, ಹೊತ್ತಾಯ್ತಂತೆ, ಎತ್ತಬೇಕಂತೆ ಎಂದು ಕೀರ್ತನ, ಬಿಡಣ್ಣಾ ನಾನು ಕಟ್ತೀನಿ ಎಂದು ಮುನಿಶಾಮಪ್ಪ, ಇರು, ಇರ್ರೋ, ಕೈ ಸಡಿಲಾದರೆ ಹೋಗುತ್ತದೆ, ಹೋಯಿತು, ಬೂದಿ, ಎಳೆಯುತ್ತೇನೆ, ಕೆನ್ನೆಯ ಮೇಲೆ ಕೆಂಪು, ಅಂಗೈಯಲ್ಲಿ ಹಗ್ಗ ಉರಿಯುತ್ತದೆ, ಸಡಿಲಾಗುತ್ತದೆ, ಇಲ್ಲ, ಎಳೆಯುತ್ತೇನೆ, ಕೆನ್ನೆಯ ಮೇಲೆ ಕೆಂಪು, ಕೆನ್ನೆಯ ಮೇಲೆ